ಕೆನಡಾದ ಸಿಪಾಯಿ ಫೈಲುಗಳು: ಬಿಟ್ಟಿಯಾಗಿ ಸಿಗುವ ಒಂದು ಒಳ್ಳೆಯ ಸೇವೆ

ಲೈಬ್ರರಿ ಆ್ಯಂಡ್ ಆರ್ಕೈವ್ಸ್ ಕೆನಡಾ, ಅಂದರೆ ಆ ದೇಶದ ಸರ್ಕಾರಿ ದಾಖಲೆ ಸಂಗ್ರಹ, ಮೊದಲ ಮಹಾಯುದ್ಧಕ್ಕೆ ಸೇರಿದ ತನ್ನ ಸಿಪಾಯಿಗಳ ಫೈಲುಗಳನ್ನು ಪುಟ ಬಿಡದೆ ಸ್ಕ್ಯಾನ್ ಮಾಡಿ ಜಾಲತಾಣದಲ್ಲಿ ಹಾಕಿದೆ. 6,20,000ಕ್ಕೂ ಹೆಚ್ಚು ಫೈಲುಗಳು. ಕೆಲಸ ಮುಗಿದದ್ದು 2018ರಲ್ಲಿ. ಖಾತೆ ತೆರೆಯಬೇಕಿಲ್ಲ, ದುಡ್ಡು ಕೊಡಬೇಕಿಲ್ಲ, ಹೆಸರು ಹುಡುಕಿ ಪಿಡಿಎಫ್ ಇಳಿಸಿಕೊಂಡರೆ ಆಯಿತು. ಇದು ಗೊತ್ತಿಲ್ಲದೆ ನಾನು ಮೊದಲು ವಂಶಾವಳಿ ಹುಡುಕಿಕೊಡುವ ಒಂದು ಜಾಲತಾಣಕ್ಕೆ ಒಂದು ತಿಂಗಳ ಚಂದಾ ಕಟ್ಟಿದ್ದೆ. ಅಲ್ಲಿ ಸಿಕ್ಕಿದ್ದು ಭರ್ತಿ ಅರ್ಜಿಯ ಎರಡು ಪುಟ ಮಾತ್ರ. ಸುಮ್ನೆ ದುಡ್ಡು ಹೋಯಿತು. ನಿಮ್ಮದೂ ಹೋಗಬಾರದು ಅಂತ ಇಷ್ಟು ಬರೆಯುತ್ತಿದ್ದೇನೆ.

ನಾನು ಹುಡುಕಿದ್ದು ಬುಕ್ಕಮ್ ಸಿಂಗ್ ಅವರನ್ನು. ಪಂಜಾಬಿನ ಮಾಹಿಲ್‌ಪುರದವರು, 1893ರಲ್ಲಿ ಹುಟ್ಟಿದವರು. ಹತ್ತನೇ ವಯಸ್ಸಿಗೇ ಪ್ರೀತಮ್ ಕೌರ್ ಎಂಬ ಹುಡುಗಿಯ ಜೊತೆ ಮದುವೆ. 1907ರಲ್ಲಿ, ಇನ್ನೂ ಮೀಸೆ ಮೂಡದ ವಯಸ್ಸಲ್ಲಿ, ಬ್ರಿಟಿಷ್ ಕೊಲಂಬಿಯಾಕ್ಕೆ ಬಂದರು. ಆಮೇಲೆ ಒಂಟಾರಿಯೊ ಕಡೆ ಹೋಗಿ ಹೊಲದ ಕೂಲಿ ಮಾಡುತ್ತಿದ್ದರು. 1915ರ ವಸಂತದಲ್ಲಿ ಸ್ಮಿತ್ಸ್ ಫಾಲ್ಸ್ ಎಂಬ ಊರಲ್ಲಿ ಸೈನ್ಯಕ್ಕೆ ಸೇರಿದರು. ಆಫೀಸರ್ ಅಲ್ಲ, ವೀರಚಕ್ರದಂಥ ದೊಡ್ಡ ಪದಕದವರೂ ಅಲ್ಲ. ಬಂದೂಕು ಹೊತ್ತು ನಡೆದ ಒಬ್ಬ ಪ್ರೈವೇಟ್. ಆ ಯುದ್ಧದಲ್ಲಿ ಕೆನಡಾ ಸೈನ್ಯದಲ್ಲಿದ್ದರು ಅಂತ ಗೊತ್ತಿರುವ ಸಿಖ್ಖರು ಸುಮಾರು ಹತ್ತೇ ಮಂದಿ.

ಹುಡುಕುವಾಗ ಒಂದು ಮಾತು ನೆನಪಿಡಿ. ಭರ್ತಿ ಗುಮಾಸ್ತರು ಕಿವಿಗೆ ಬಿದ್ದ ಹಾಗೆ ಹೆಸರು ಬರೆದುಕೊಂಡಿದ್ದಾರೆ. ಬಕಮ್, ಬುಕಮ್, ಬುಕನ್ ಅಂತ ಎರಡು ಮೂರು ಬಗೆಯಲ್ಲಿ ಹಾಕಿ ನೋಡಿ. ಬರೀ ಸಿಂಗ್ ಅಂತ ಹುಡುಕಿ ಒಂದೊಂದಾಗಿ ತೆರೆಯುವುದೇ ಇನ್ನೂ ಸುಲಭ.

ಫೈಲ್ ತೆರೆದ ಮೇಲೆ ಎಲ್ಲರೂ ನೋಡುವುದು ಭರ್ತಿ ಅರ್ಜಿ. ಹನ್ನೆರಡು ಪ್ರಶ್ನೆ. ಹೆಸರು, ಹುಟ್ಟಿದ ಊರು, ಹುಟ್ಟಿದ ತಾರೀಕು, ಕಸುಬು, ಮದುವೆ ಆಗಿದೆಯೇ, ಸಿಡುಬಿನ ಚುಚ್ಚುಮದ್ದು ಹಾಕಿಸಿಕೊಳ್ಳಲು ಒಪ್ಪಿಗೆಯೇ. ಹಿಂದಿನ ಪುಟದಲ್ಲಿ ಎತ್ತರ, ಎದೆಯ ಸುತ್ತಳತೆ, ಮೈಬಣ್ಣ, ಕಣ್ಣು, ಕೂದಲು, ಗಾಯದ ಗುರುತು. ಅದೇ ಪುಟದಲ್ಲಿ ಧರ್ಮದ ಪಟ್ಟಿ ಇದೆ. ಚರ್ಚ್ ಆಫ್ ಇಂಗ್ಲೆಂಡ್, ಪ್ರೆಸ್ಬಿಟೇರಿಯನ್, ಮೆಥಡಿಸ್ಟ್, ಬ್ಯಾಪ್ಟಿಸ್ಟ್, ರೋಮನ್ ಕ್ಯಾಥೊಲಿಕ್, ಯಹೂದಿ, ಒಬ್ಬೊಬ್ಬರಿಗೂ ಅಚ್ಚು ಹಾಕಿದ ಒಂದೊಂದು ಸಾಲು. ಸಿಖ್ಖರಿಗೆ ಸಾಲಿಲ್ಲ. ಕೊನೆಯಲ್ಲಿರುವ 'ಇತರೆ' ಎಂಬುದೇ ಗತಿ. ಆ ಒಂದು ಸಾಲಿನ ಮುಂದೆ ನಾನು ತುಂಬ ಹೊತ್ತು ಕೂತಿದ್ದೆ.

ಇನ್ನೊಂದು ಸಾಲು, ಮೂರನೇ ಪ್ರಶ್ನೆ: ಹತ್ತಿರದ ಸಂಬಂಧಿ ಯಾರು? ಇದು ಸಾವಿನ ತಂತಿ ಕಳಿಸಲು ಕೇಳುವ ಪ್ರಶ್ನೆ. ವಲಸೆ ಬಂದವರ ಫೈಲಿನಲ್ಲಿ ಜಾಸ್ತಿ ಹೇಳುವುದು ಇದೇ, ಯಾಕೆಂದರೆ ಇದರ ಉತ್ತರ ಬೇರೆ ದೇಶದಲ್ಲಿ ಇರುತ್ತದೆ. ಬುಕ್ಕಮ್ ಸಿಂಗ್ ಹೆಂಡತಿಯನ್ನು ಕರೆಸಿಕೊಳ್ಳುವ ಹಾಗೇ ಇರಲಿಲ್ಲ. ಹುಟ್ಟಿದ ದೇಶದಿಂದ ಎಲ್ಲೂ ಹಡಗು ಬದಲಿಸದೆ ನೇರವಾಗಿ ಬಂದವರಿಗೆ ಮಾತ್ರ ಪ್ರವೇಶ ಅಂತ 1908ರಲ್ಲಿ ಕೆನಡಾ ನಿಯಮ ಮಾಡಿತ್ತು, ಭಾರತದಿಂದ ಹಾಗೆ ಬರಲು ದಾರಿಯೇ ಇಲ್ಲ ಅನ್ನುವುದು ಗೊತ್ತಿದ್ದೇ ಮಾಡಿದ ನಿಯಮ ಅದು. 1914ರಲ್ಲಿ ಕೊಮಗಾಟಾ ಮಾರು ಹಡಗು 376 ಭಾರತೀಯರನ್ನು ಹೊತ್ತು ವ್ಯಾಂಕೂವರ್‌ಗೆ ಬಂದಾಗ ಹೆಚ್ಚಿನವರನ್ನು ನೆಲಕ್ಕೆ ಕಾಲಿಡಲು ಬಿಡದೆ ಎರಡು ತಿಂಗಳು ನಿಲ್ಲಿಸಿ ವಾಪಸ್ ಅಟ್ಟಿದರು. ಬ್ರಿಟಿಷ್ ಕೊಲಂಬಿಯಾದಲ್ಲಿ 1907ರಿಂದಲೇ ಭಾರತೀಯರಿಗೆ ಓಟು ಇರಲಿಲ್ಲ. ಹಡಗು ಹೋಗಿ ವರ್ಷ ತುಂಬುವ ಮೊದಲೇ ಈ ಹುಡುಗ ಅದೇ ದೇಶದ ಪರವಾಗಿ ಪ್ರಮಾಣ ಮಾಡಿ ಸಹಿ ಹಾಕಿದ್ದಾರೆ. ಯಾಕೆ ಅಂತ ಯಾವ ಫಾರಮ್ಮೂ ಕೇಳುವುದಿಲ್ಲ.

ಸಂಬಳದ ಹಾಳೆಗಳನ್ನು ದಾಟಿ ಹೋಗಬೇಡಿ. ಪ್ರೈವೇಟ್‌ಗೆ ದಿನಕ್ಕೆ 1 ಡಾಲರ್, ಮೇಲೆ 10 ಸೆಂಟ್ ಭತ್ಯೆ. ಅದರಲ್ಲಿ ಮನೆಗೆ ಎಷ್ಟು ಕಳಿಸಬೇಕು ಅಂತ ಬರೆದುಕೊಡುವ ಒಂದು ಕಾಲಂ ಇರುತ್ತದೆ. ಎಷ್ಟೋ ಸಿಪಾಯಿಗಳ ಮನೆಯ ಸುದ್ದಿ ಆ ಒಂದು ಕಾಲಮ್ಮಿನಲ್ಲಿ ಮಾತ್ರ ಉಳಿದಿದೆ.

ನನ್ನ ಪ್ರಕಾರ ಫೈಲಿನ ಜೀವಾಳ ಕ್ಯಾಶುವಲ್ಟಿ ಫಾರಂ. ಅದರಲ್ಲಿ ಬರೀ ಗಾಯ ಇರುವುದಿಲ್ಲ. ಎಲ್ಲಿಂದ ಎಲ್ಲಿಗೆ ಕಳಿಸಿದರು, ಯಾವ ದಿನ ಆಸ್ಪತ್ರೆ ಸೇರಿದರು, ಯಾವ ದಿನ ಹೊರಟರು, ಎಲ್ಲಾ ಸಾಲು ಸಾಲಾಗಿ ಇರುತ್ತದೆ. ಓದಲು ಮೂರು ಸಂಕೇತ ಗೊತ್ತಿದ್ದರೆ ಸಾಕು. ಟಿ.ಓ.ಎಸ್. ಅಂದರೆ ತುಕಡಿಯ ಲೆಕ್ಕಕ್ಕೆ ಸೇರಿಸಿದರು. ಎಸ್.ಓ.ಎಸ್. ಅಂದರೆ ಲೆಕ್ಕದಿಂದ ತೆಗೆದರು, ವರ್ಗವಾದರೂ ಅದೇ, ಸತ್ತರೂ ಅದೇ. ಜಿ.ಎಸ್.ಡಬ್ಲ್ಯೂ. ಅಂದರೆ ಗುಂಡಿನ ಗಾಯ, ಆದರೆ ಶೆಲ್ ಸಿಡಿದು ಚೂರು ಹೊಕ್ಕರೂ ಗುಮಾಸ್ತರು ಅದನ್ನೇ ಬರೆಯುತ್ತಿದ್ದರು. ಇದು ಗೊತ್ತಿಲ್ಲದಿದ್ದರೆ ತಪ್ಪು ತಿಳಿದುಕೊಳ್ಳುತ್ತೇವೆ.

ಬುಕ್ಕಮ್ ಸಿಂಗ್ 20ನೇ ಬೆಟಾಲಿಯನ್ ಜೊತೆ ಬೆಲ್ಜಿಯಂ ಕಡೆಯ ಫ್ಲಾಂಡರ್ಸ್‌ನಲ್ಲಿದ್ದರು. 1916ರ ಜೂನ್‌ನಲ್ಲಿ ತಲೆಗೆ ಶೆಲ್ಲಿನ ಚೂರು ಬಡಿಯಿತು. ವಾಸಿಯಾಗಿ ಮತ್ತೆ ಟ್ರೆಂಚಿಗೆ ಹೋದರು. ಜುಲೈನಲ್ಲಿ ಕಾಲಿಗೆ ಗುಂಡು. ಎರಡು ತಿಂಗಳೊಳಗೆ ಎರಡು ಸಲ. ಆಗ ಅವರಿಗೆ ಚಿಕಿತ್ಸೆ ಆದದ್ದು ವೈದ್ಯರೂ ಕವಿಯೂ ಆಗಿದ್ದ ಜಾನ್ ಮೆಕ್ರೇ ನೋಡಿಕೊಳ್ಳುತ್ತಿದ್ದ ಆಸ್ಪತ್ರೆಯಲ್ಲಿ. ಕೆನಡಾದಲ್ಲಿ ಮೆಕ್ರೇ ಹೆಸರು ಶಾಲೆ ಮಕ್ಕಳಿಗೂ ಗೊತ್ತು. ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದ ಪಂಜಾಬಿ ಹುಡುಗನ ಹೆಸರು ತೊಂಬತ್ತು ವರ್ಷ ಯಾರಿಗೂ ಗೊತ್ತಿರಲಿಲ್ಲ.

ಗುಂಡಿಗೆ ಸಾಯದವರನ್ನು ಟಿ.ಬಿ. ಹಿಡಿಯಿತು. ಇಂಗ್ಲೆಂಡಿನಲ್ಲಿ ಸುಧಾರಿಸಿಕೊಳ್ಳುವಾಗ ಕಾಯಿಲೆ ಬಂತು, ಕೆನಡಾಕ್ಕೆ ವಾಪಸ್ ಕಳಿಸಿದರು. 1919ರ ಆಗಸ್ಟ್ 27ರಂದು ಒಂಟಾರಿಯೊದ ಕಿಚನರ್‌ನಲ್ಲಿ ತೀರಿಕೊಂಡರು. ಇಪ್ಪತ್ತೈದು ವರ್ಷ. (ಆ ಊರಿಗೆ 1916ರವರೆಗೆ ಬರ್ಲಿನ್ ಅಂತ ಹೆಸರು, ಯುದ್ಧದ ಕಾಲದಲ್ಲಿ ಬದಲಾಯಿಸಿದರು.) ಸಮಾಧಿ ಅಲ್ಲೇ ಮೌಂಟ್ ಹೋಪ್ ಸ್ಮಶಾನದಲ್ಲಿದೆ. ಯುದ್ಧಕ್ಕೆ ಹೋದ ಸಾಮಾನ್ಯ ಸಿಪಾಯಿಗಳಿಗೂ ಕೊಡುತ್ತಿದ್ದ ವಿಕ್ಟರಿ ಮೆಡಲ್ ಅವರಿಗೂ ಬಂದಿತ್ತು. ಅದು ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದಾಗ ಒಬ್ಬ ಇತಿಹಾಸಕಾರರು ಕೊಂಡರು. ಆ ಮೆಡಲುಗಳ ಅಂಚಿನಲ್ಲಿ ಸಿಪಾಯಿಯ ಹೆಸರು ಕೊರೆದಿರುತ್ತದೆ. ಅಂಚಿನ ಆ ಹೆಸರು ಹಿಡಿದು ದಾಖಲೆ ಹುಡುಕಿದರು, ಸಮಾಧಿ ಸಿಕ್ಕಿತು. ಈಗ ಪ್ರತಿ ನವೆಂಬರ್‌ನಲ್ಲಿ ಜನ ಅಲ್ಲಿ ಸೇರುತ್ತಾರೆ.

ಸೇವೆಯ ವಿಷಯಕ್ಕೆ ಬಂದರೆ, ಕಷ್ಟ ಇಲ್ಲ ಅಂತ ಹೇಳಲಾರೆ. ಎಲ್ಲಾ ಕೈಬರಹ. ಪೆನ್ಸಿಲಿನಲ್ಲಿ ಬರೆದದ್ದು ಮಸುಕಾಗಿದೆ. ಹಾಳೆಗಳು ಕಾಲದ ಕ್ರಮದಲ್ಲಿ ಇರುವುದಿಲ್ಲ, ಹಲ್ಲಿನ ಪರೀಕ್ಷೆಯ ಚೀಟಿ ಆದ ಮೇಲೆ ಭರ್ತಿ ಅರ್ಜಿ ಬಂದರೂ ಗಾಬರಿ ಬೇಡ. ಫೋನಿನಲ್ಲಿ ಓದಲು ಹೋಗಬೇಡಿ, ಕಣ್ಣು ಹೋಗುತ್ತದೆ. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ, ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು ತಾರೀಕುಗಳನ್ನು ಬರೆದುಕೊಳ್ಳಿ. ಆಮೇಲೆ ಅದೇ ಜಾಲತಾಣದಲ್ಲಿ ಆಯಾ ಬೆಟಾಲಿಯನ್ನಿನ ವಾರ್ ಡೈರಿ ತೆರೆಯಿರಿ. ದಿನಕ್ಕೊಂದು ಟಿಪ್ಪಣಿ ಇರುತ್ತದೆ. ಫೈಲಿನಲ್ಲಿ ಬರೀ 'ಗಾಯ' ಅಂತ ಇದ್ದ ದಿನ ಮಳೆ ಇತ್ತೇ, ಎಷ್ಟು ಶೆಲ್ ಬಿತ್ತು, ಅವತ್ತು ಎಷ್ಟು ಜನರನ್ನು ಕಳೆದುಕೊಂಡರು ಅನ್ನುವುದು ಅಲ್ಲಿ ಸಿಗಬಹುದು. ಎರಡನೇ ಮಹಾಯುದ್ಧದ ಫೈಲುಗಳು ಹೀಗೆ ಎಲ್ಲರದೂ ತೆರೆದಿಲ್ಲ, ಯುದ್ಧದಲ್ಲಿ ಸತ್ತವರದು ಮಾತ್ರ ಸುಲಭವಾಗಿ ಸಿಗುತ್ತದೆ.

ಒಂದು ಫೈಲ್ ಓದಿದರೆ ಇನ್ನೊಂದು ಓದದೆ ಇರಲಾಗುವುದಿಲ್ಲ. 1914ರಲ್ಲಿ ಹೊರಟ ಮೊದಲ ದಂಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಬ್ರಿಟನ್ನಿನಲ್ಲಿ ಹುಟ್ಟಿದವರೇ, ಅಂದರೆ ಅವರೂ ವಲಸೆ ಬಂದವರೇ ಅಲ್ವಾ? ಆದರೆ ಅವರನ್ನು ಯಾರೂ ಹಾಗೆ ಕರೆಯಲಿಲ್ಲ. ಜಪಾನಿನಿಂದ ಬಂದವರನ್ನು ಬ್ರಿಟಿಷ್ ಕೊಲಂಬಿಯಾದಲ್ಲಿ ಭರ್ತಿ ಮಾಡಿಕೊಳ್ಳಲಿಲ್ಲ, ಅವರು ಆಲ್ಬರ್ಟಾಕ್ಕೆ ಹೋಗಿ ಸೇರಿದರು. 222 ಜನ ಹೋದರು, 54 ಜನ ಸತ್ತರು. ಬದುಕಿ ಬಂದವರಲ್ಲಿ ಒಬ್ಬರು ಮಸುಮಿ ಮಿತ್ಸುಯಿ. 1917ರಲ್ಲಿ ಹಿಲ್ 70 ಕಾಳಗದಲ್ಲಿ ಮಿಲಿಟರಿ ಮೆಡಲ್ ಪಡೆದವರು. ಎರಡನೇ ಮಹಾಯುದ್ಧದಲ್ಲಿ ಜಪಾನ್ ಶತ್ರು ದೇಶವಾದ ಮೇಲೆ, 1942ರಲ್ಲಿ, ಅದೇ ಸರ್ಕಾರ ಅವರ ಜಮೀನು ಕಿತ್ತುಕೊಂಡು ಶಿಬಿರಕ್ಕೆ ಕಳಿಸಿತು.

ನನ್ನ ಕಡೆಯಿಂದ ಐದಕ್ಕೆ ಐದು. ಮಿತ್ಸುಯಿ ಅವರ ಫೈಲ್ ಈಗ ಇಳಿಯುತ್ತಿದೆ. ಮೂರನೇ ಪ್ರಶ್ನೆಯಿಂದ ಶುರು ಮಾಡುತ್ತೇನೆ.