ಎರಡೂವರೆ ವರ್ಷ ಒಂದು ಆ್ಯಪ್ ನೋಡಿ ಕ್ರೀಮ್ ಕೊಂಡೆ

ಕ್ರೀಮ್ ಟ್ಯೂಬಿನ ಹಿಂಭಾಗದ ಫೋಟೊ ತೆಗೆದರೆ ಒಳಗೆ ಏನೇನಿದೆ ಅಂತ ಬಿಡಿಸಿ ಹೇಳುವ ಆ್ಯಪ್‌ಗಳು ಈಗ ಹಲವು ಇವೆ. ಅದರಲ್ಲಿ ಒಂದನ್ನು ನಾನು ಎರಡೂವರೆ ವರ್ಷದಿಂದ ಬಳಸುತ್ತಿದ್ದೇನೆ. ಅದರ ಹೆಸರು ಬರೆಯುವುದಿಲ್ಲ. ನಾನು ಹೇಳಲಿರುವ ದೋಷ ಅದೊಂದರದ್ದೇ ಅಲ್ಲ.

ನನ್ನದು ಒಣ ಚರ್ಮ. ನನಗೂ ಮಗಳಿಗೂ ಸೇರಿ ಮುಖದ ಸಾಮಾನಿಗೆ ತಿಂಗಳಿಗೆ ₹500 ಎತ್ತಿಡುತ್ತೇನೆ. ಅದಕ್ಕಿಂತ ಜಾಸ್ತಿ ಆಗಲ್ಲ. ಹಾಗಾಗಿ ಯಾವ ದುಡ್ಡಿಗೆ ಏನು ಬರುತ್ತದೆ ಅಂತ ತಿಳಿಯುವುದು ನನಗೆ ಮುಖ್ಯ.

ಭಾನುವಾರ ಊಟ ಆದ ಮೇಲೆ ನಮ್ಮ ಕೆಲಸ ಶುರು. ಕಿಟಕಿ ಹತ್ತಿರ ಚಾಪೆ ಹಾಸಿ, ಹೊಸದಾಗಿ ತಂದ ಡಬ್ಬಿ, ಟ್ಯೂಬುಗಳನ್ನು ಸಾಲಾಗಿ ಇಡುತ್ತೇವೆ. ಅಕ್ಷರ ಸಾಸಿವೆ ಕಾಳಿಗಿಂತ ಸಣ್ಣದು. ಟ್ಯೂಬ್ ಉಬ್ಬಿರುತ್ತದೆ, ಬೆಳ್ಳಿ ಬಣ್ಣದ ಕಾಗದ ಹೊಳೆಯುತ್ತದೆ. ನಾನು ಎರಡೂ ಹೆಬ್ಬೆರಳಿನಿಂದ ಒತ್ತಿ ಚಪ್ಪಟೆ ಮಾಡಿ ಹಿಡಿಯಬೇಕು, ಮಗಳು ಫೋಟೊ ತೆಗೆಯಬೇಕು. ಮೂರನೇ ಸಲಕ್ಕೆ ಸರಿ ಬರುತ್ತದೆ. ಆಮೇಲೆ ಒಂದೊಂದೇ ಹೆಸರು ಒತ್ತಿ ಓದುವುದು. ಕೋಕೋಸ್ ನ್ಯೂಸಿಫೆರಾ ಅಂದರೆ ನಮ್ಮ ತೆಂಗು. ಸೀಸಮಮ್ ಇಂಡಿಕಮ್ ಎಳ್ಳು. ರಿಸಿನಸ್ ಕಮ್ಯೂನಿಸ್ ಹರಳು. ಅಲೋ ಬಾರ್ಬಡೆನ್ಸಿಸ್ ಅಂತ ಓದಿ ದೊಡ್ಡ ಔಷಧಿ ಅಂದುಕೊಂಡಿದ್ದೆ. ನೋಡಿದರೆ ನಮ್ಮ ಹಿತ್ತಲಿನ ಲೋಳೆಸರ! ಇಷ್ಟು ಖುಷಿ ಆಗುತ್ತದೆ ಅಂತ ಆ್ಯಪ್ ಹಾಕಿಕೊಂಡಾಗ ನಾನು ಎಣಿಸಿರಲಿಲ್ಲ.

ಒಂದು ಭಾನುವಾರ ನಮ್ಮ ಅತ್ತೆ ತಮ್ಮ ತಲೆಗೆ ಹಚ್ಚುವ ಎಣ್ಣೆ ಬಾಟಲಿ ತಂದು ಕೊಟ್ಟರು. ಮುಂದೆ ತೆಂಗಿನಕಾಯಿ ಚಿತ್ರ. ಹಿಂದೆ ಮೊದಲ ಹೆಸರೇ ಮಿನರಲ್ ಆಯಿಲ್, ಅಂದರೆ ಪೆಟ್ರೋಲಿಯಂನಿಂದ ಬರುವ ಎಣ್ಣೆ. ಅದು ಕೆಟ್ಟದ್ದೇನೂ ಅಲ್ಲ, ಆದರೆ ಕೊಬ್ಬರಿ ಎಣ್ಣೆ ಅಲ್ಲ. "ಇಷ್ಟು ವರ್ಷ ಇದನ್ನಾ ನಾನು ಹಚ್ಕೊಂಡಿದ್ದು?" ಅಂದರು ಅತ್ತೆ. ಮಾರನೇ ದಿನದಿಂದ ಗಾಣದ ಎಣ್ಣೆ ಬಂತು.

ಎರಡು ಸಾಮಾನನ್ನು ಅಕ್ಕಪಕ್ಕ ಇಟ್ಟು ತೋರಿಸುವ ಪುಟ ಈ ಆ್ಯಪ್‌ನ ನಿಜವಾದ ಬಲ. ₹1,150ರ ಒಂದು ಕ್ರೀಮ್ ಮತ್ತು ₹340ರ ಒಂದು ಲೋಷನ್ ಹೋಲಿಸಿದೆ. ನೀರು, ಗ್ಲಿಸರಿನ್, ಸೀಟೇರಿಲ್ ಆಲ್ಕೋಹಾಲ್ ಅಂತ ಮೊದಲ ಏಳು ಹೆಸರು ಎರಡರಲ್ಲೂ ಒಂದೇ. ದುಬಾರಿ ಡಬ್ಬಿಯ ಮೇಲೆ ದೊಡ್ಡದಾಗಿ ಕೇಸರಿ ಹೂವಿನ ಚಿತ್ರ ಇತ್ತು. ಪಟ್ಟಿಯಲ್ಲಿ ಕೇಸರಿ ಎಲ್ಲಿತ್ತು ಗೊತ್ತಾ? ಫಿನಾಕ್ಸಿಎಥನಾಲ್ ಆದ ಮೇಲೆ. ಇದು ಕ್ರೀಮ್ ಕೆಡದಂತೆ ಹಾಕುವ ವಸ್ತು. ಯುರೋಪಿನಲ್ಲಿ ಇದನ್ನು ಶೇ 1ಕ್ಕಿಂತ ಹೆಚ್ಚು ಹಾಕುವಂತಿಲ್ಲ, ಬೇರೆ ಕಡೆಯೂ ಸಾಮಾನ್ಯವಾಗಿ ಅಷ್ಟರೊಳಗೇ ಹಾಕುತ್ತಾರೆ. ಪಟ್ಟಿಯಲ್ಲಿ ಹೆಚ್ಚು ಇರುವುದು ಮೊದಲು, ಕಡಿಮೆ ಇರುವುದು ಆಮೇಲೆ ಬರಬೇಕು. ಶೇ 1ರ ಕೆಳಗಿನವನ್ನು ಮಾತ್ರ ಯಾವ ಸಾಲಿನಲ್ಲಾದರೂ ಬರೆಯಬಹುದು. ಹಾಗಾಗಿ ಫಿನಾಕ್ಸಿಎಥನಾಲ್ ಆದ ಮೇಲೆ ಬಂದ ಹೆಸರುಗಳೆಲ್ಲ ಚಿಟಿಕೆ ಲೆಕ್ಕ. ನಾನು ₹340ರದ್ದನ್ನೇ ತಂದೆ.

ಸೋಪಿಗೆ ಇಷ್ಟೆಲ್ಲ ಬೇಡ. ಹೊದಿಕೆ ಮೇಲೆ ಒಟ್ಟು ಕೊಬ್ಬಿನಂಶ ಅಂದರೆ ಟಿಎಫ್‌ಎಂ ಎಷ್ಟು ಅಂತ ನೋಡಿ. ಶೇ 76 ಅಥವಾ ಅದಕ್ಕಿಂತ ಮೇಲಿದ್ದರೆ ಗ್ರೇಡ್ 1, ಅಂದರೆ ಮೇಲಿನ ದರ್ಜೆ.

ಇಷ್ಟರವರೆಗೆ ನಾನು ಈ ಆ್ಯಪ್‌ಗೆ ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೆ. ವರ್ಷಕ್ಕೆ ₹799 ಕಟ್ಟಿ ಎಲ್ಲ ಸೌಲಭ್ಯ ತೆಗೆದುಕೊಂಡಿದ್ದೆ. ಹಾಗೆ ಕಟ್ಟಿದರೆ ಪ್ರತಿ ಸಾಮಾನಿಗೂ ನೂರಕ್ಕೆ ಇಂತಿಷ್ಟು ಅಂತ ಅಂಕ ಸಿಗುತ್ತದೆ. ಪ್ರತಿ ಹೆಸರಿನ ಪಕ್ಕ ಹಸಿರು, ಹಳದಿ, ಕೆಂಪು ಚುಕ್ಕೆ. ತೊಂದರೆ ಆಗಿದ್ದು ಇದರಿಂದಲೇ.

ಆರು ವರ್ಷದಿಂದ ಹಚ್ಚುತ್ತಿದ್ದ ₹180ರ ಕ್ರೀಮ್‌ಗೆ ಅದು 38 ಅಂಕ ಕೊಟ್ಟಿತು. ಕೆಡದಂತೆ ಹಾಕುವ ಮೀಥೈಲ್ ಪ್ಯಾರಾಬೆನ್ ಇದೆ ಅಂತ ಕೆಂಪು ಚುಕ್ಕೆ. ಹೆದರಿ, ಅರ್ಧ ತುಂಬಿದ್ದ ಟ್ಯೂಬ್ ಎಸೆದೆ. 94 ಅಂಕ ಇದ್ದ, ಪೂರ್ತಿ ಹಸಿರು ಚುಕ್ಕೆಯ, 'ನ್ಯಾಚುರಲ್' ಕ್ರೀಮ್ ₹640 ಕೊಟ್ಟು ತಂದೆ. ಗುಲಾಬಿ, ಲ್ಯಾವೆಂಡರ್ ಎಣ್ಣೆಯ ಪರಿಮಳ ಬಹಳ ಚೆನ್ನಾಗಿತ್ತು. ಮೂರು ವಾರಕ್ಕೆ ಕಣ್ಣಿನ ರೆಪ್ಪೆ ತುರಿಸಲು ಶುರುವಾಯಿತು. ಐದನೇ ವಾರ ಬೆಳಿಗ್ಗೆ ಎದ್ದರೆ ಎಡಗಣ್ಣು ತೆರೆಯಲು ಆಗುತ್ತಿರಲಿಲ್ಲ, ಅಷ್ಟು ಊದಿತ್ತು.

ಯಾವುದರ ಅಲರ್ಜಿ ಅಂತ ತಿಳಿಯಲು ಚರ್ಮದ ಡಾಕ್ಟರು ಪ್ಯಾಚ್ ಟೆಸ್ಟ್ ಮಾಡಿಸಿದರು. ಬೆನ್ನಿಗೆ ಸಣ್ಣ ಸಣ್ಣ ಬಟ್ಟಲಿನಂಥ ಪಟ್ಟಿ, ಒಂದೊಂದರಲ್ಲೂ ಒಂದೊಂದು ವಸ್ತು ಹಾಕಿ, ಅಂಟಿಸುತ್ತಾರೆ. 48 ಗಂಟೆ ಬೆನ್ನಿಗೆ ನೀರು ತಾಗಿಸುವಂತಿಲ್ಲ, ಬೆವರುವಂತಿಲ್ಲ. ಪಟ್ಟಿ ತೆಗೆದ ದಿನ ಒಮ್ಮೆ, ನಾಲ್ಕನೇ ದಿನ ಇನ್ನೊಮ್ಮೆ ನೋಡುತ್ತಾರೆ. ಪ್ಯಾರಾಬೆನ್ ಜಾಗದಲ್ಲಿ ಏನೂ ಇರಲಿಲ್ಲ. ಸುವಾಸನೆಯ ಮಿಶ್ರಣ ಹಾಕಿದ ಜಾಗ ಕೆಂಪಗೆ ಎದ್ದಿತ್ತು. ಆ ಮಿಶ್ರಣದಲ್ಲಿ ಜೆರಾನಿಯಾಲ್ ಕೂಡ ಇರುತ್ತದೆ. ಮನೆಗೆ ಬಂದು ಹೊಸ ಕ್ರೀಮ್ ತಿರುಗಿಸಿದೆ. ಕೊನೆಯ ಸಾಲಿನಲ್ಲಿ ಸುವಾಸನೆಯ ವಸ್ತುಗಳೇ: ಲಿನಾಲೂಲ್, ಲಿಮೊನೀನ್, ಸಿಟ್ರೊನೆಲ್ಲೋಲ್, ಜೆರಾನಿಯಾಲ್. ನಾಲ್ಕಕ್ಕೂ ಹಸಿರು ಚುಕ್ಕೆ. ಗಿಡದಿಂದ ಬಂದಿದ್ದು ಅನ್ನುವುದೇ ಕಾರಣ ಅಂತ ಅಲ್ಲೇ ಬರೆದಿತ್ತು.

ನನಗೆ ನಿಜಕ್ಕೂ ಸಿಟ್ಟು ಬಂತು. ಪ್ಯಾರಾಬೆನ್ ಭಯ ಹರಡಿದ್ದು ಮುಖ್ಯವಾಗಿ 2004ರ ಒಂದು ಬ್ರಿಟಿಷ್ ಅಧ್ಯಯನದಿಂದ. ಸ್ತನದ 20 ಗಡ್ಡೆಗಳಲ್ಲಿ ಅದನ್ನು ಹುಡುಕಿ, ಸಿಕ್ಕಿದೆ ಅಂದಿದ್ದರು. ಅದರಿಂದಲೇ ಗಡ್ಡೆ ಬಂತು ಅಂತ ಆ ಅಧ್ಯಯನ ತೋರಿಸಿರಲಿಲ್ಲ. ಯುರೋಪಿನಲ್ಲಿ ಮೀಥೈಲ್ ಪ್ಯಾರಾಬೆನ್ ಶೇ 0.4ರವರೆಗೆ ಹಾಕಲು ಈಗಲೂ ಅನುಮತಿ ಇದೆ. ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ (ಚರ್ಮಕ್ಕೆ ತಾಗಿ ಆಗುವ ಅಲರ್ಜಿಯ ತಜ್ಞರ ಸಂಘ) 2019ರಲ್ಲಿ ಪ್ಯಾರಾಬೆನ್‌ಗಳನ್ನು 'ವರ್ಷದ ಅಲರ್ಜಿ ಅಲ್ಲದ ವಸ್ತು' ಅಂತಲೇ ಘೋಷಿಸಿತ್ತು, ಅಷ್ಟು ಅಪರೂಪ ಅದರ ಅಲರ್ಜಿ. ಎಷ್ಟು ಹಾಕಿದ್ದಾರೆ, ಯಾರ ಚರ್ಮಕ್ಕೆ ಅನ್ನುವುದು ಆ್ಯಪ್‌ಗೆ ಗೊತ್ತೇ ಇಲ್ಲ. ಆದರೂ 38, 94 ಅಂತ ಗಟ್ಟಿಯಾಗಿ ಹೇಳುತ್ತದೆ. ಒಣ ಚರ್ಮಕ್ಕೆ ಒಳ್ಳೆಯದಾದ ಸೀಟೇರಿಲ್ ಆಲ್ಕೋಹಾಲ್‌ಗೆ ಬರೀ ಹೆಸರು ನೋಡಿ ಹಳದಿ ಚುಕ್ಕೆ ಕೊಟ್ಟಿದೆ. ಅದು ಮೇಣದಂಥ ವಸ್ತು, ಸ್ಪಿರಿಟ್ ಅಲ್ಲ. ಎರಡು ಸಲ ಮೇಲ್ ಬರೆದೆ. ಎರಡು ಸಲವೂ ಧನ್ಯವಾದದ ಸಿದ್ಧ ಉತ್ತರ ಬಂತು.

ಅಳಿಸಿಬಿಡಬೇಕು ಅಂದುಕೊಂಡೆ. ಅಳಿಸಲಿಲ್ಲ. 'ನನಗೆ ಆಗದ ವಸ್ತುಗಳು' ಅಂತ ಒಂದು ಜಾಗ ಇದೆ, ಅದನ್ನು ಮೊದಲು ಮುಟ್ಟಿಯೇ ಇರಲಿಲ್ಲ. ಡಾಕ್ಟರ ಚೀಟಿ ನೋಡಿ ಹೆಸರುಗಳನ್ನು ಅಲ್ಲಿ ತುಂಬಿಸಿದೆ. 'ಪರ್ಫ್ಯೂಮ್' ಅನ್ನುವ ಪದವನ್ನೂ ಸೇರಿಸಿದೆ, ಎಷ್ಟೋ ಟ್ಯೂಬುಗಳಲ್ಲಿ ಆ ಒಂದೇ ಪದದೊಳಗೆ ಎಲ್ಲ ಸುವಾಸನೆ ಅಡಗಿರುತ್ತದೆ. ಆ ಭಾನುವಾರ ಮನೆಯ ಹನ್ನೊಂದು ಬಾಟಲಿ ಪರೀಕ್ಷಿಸಿದೆವು. ಏಳು ಸಿಕ್ಕಿಬಿದ್ದವು. ಪಾತ್ರೆ ತೊಳೆಯುವ ಕಡೆ ಇಟ್ಟಿದ್ದ ಹ್ಯಾಂಡ್‌ವಾಷ್ ಕೂಡ. ಆ ಕೈಯಿಂದಲೇ ಅಲ್ವಾ ದಿನಕ್ಕೆ ಹತ್ತು ಸಲ ಕಣ್ಣು ಉಜ್ಜುವುದು! ಇದನ್ನು ನಾನೊಬ್ಬಳೇ ಕೂತು ಹುಡುಕಿದ್ದರೆ ವಾರ ಹಿಡಿಯುತ್ತಿತ್ತು.

ಬಳಸುವವರಿಗೆ ಎರಡು ಮಾತು. ಬಾರ್‌ಕೋಡ್ ಸ್ಕ್ಯಾನ್ ಮಾಡಬೇಡಿ, ಹಳೆಯ ಪಟ್ಟಿ ತೋರಿಸುತ್ತದೆ. ಕಂಪನಿಗಳು ಸುಮ್ನೆ ಸದ್ದಿಲ್ಲದೆ ಸಾಮಗ್ರಿ ಬದಲಿಸುತ್ತವೆ, ಪ್ರತಿ ಹೊಸ ಟ್ಯೂಬಿನ ಫೋಟೊ ತೆಗೆಯಿರಿ. 'ಅನ್‌ಸೆಂಟೆಡ್' ಅಂತ ಬರೆದಿದ್ದರೂ ವಾಸನೆ ಮುಚ್ಚಲು ಸುವಾಸನೆ ಹಾಕಿರಬಹುದು, ಹಿಂದಿನ ಪಟ್ಟಿ ಓದಲೇಬೇಕು.

ಈ ವರ್ಷ ₹799 ಕಟ್ಟಲಿಲ್ಲ. ಹೋಲಿಕೆಯ ಪುಟ, ಆಗದ ವಸ್ತುಗಳ ಪಟ್ಟಿ ಎರಡೂ ಉಚಿತವಾಗಿಯೇ ಸಿಗುತ್ತವೆ. ದುಡ್ಡು ಕಟ್ಟಿದವರಿಗೆ ಸಿಗುವುದು ಆ ಅಂಕ ಮಾತ್ರ. ಹಳೆಯ ಕ್ರೀಮ್ ಈಗ ₹195 ಆಗಿದೆ. ಅದಕ್ಕೆ ಮರಳಿ ಆರು ವಾರಕ್ಕೆ ರೆಪ್ಪೆ ಸರಿಹೋಯಿತು. ಐದಕ್ಕೆ ಮೂರು ಸ್ಟಾರ್.