ಉಲ್ಕಾಕುಳಿಯೊಳಗಿನ ಊರು: ಹಾಸನದ ಪ್ರವಾಸ ಸಂಸ್ಥೆಯೊಂದರ ನೋರ್ಡ್‌ಲಿಂಗೆನ್ ಭೇಟಿಯ ವಿಮರ್ಶೆ

ಹಾಸನದ ಪ್ರವಾಸ ಸಂಸ್ಥೆಯೊಂದು ಏರ್ಪಡಿಸುವ ಜರ್ಮನಿಯ ಗುಂಪು ಪ್ರವಾಸದಲ್ಲಿ ಬವೇರಿಯಾದ ನೋರ್ಡ್‌ಲಿಂಗೆನ್ ಎಂಬ, ಸುಮಾರು 20 ಸಾವಿರ ಜನಸಂಖ್ಯೆಯ ಪಟ್ಟಣಕ್ಕೆ ಅರ್ಧ ದಿನವನ್ನು ಮೀಸಲಿಟ್ಟಿದ್ದಾರೆ. ಮ್ಯೂನಿಕ್ಕನ್ನೂ ಬೆಟ್ಟದ ಮೇಲಿನ ಅರಮನೆಗಳನ್ನೂ ನೋಡಲು ಹೊರಟವರಲ್ಲಿ ಅನೇಕರು ಈ ಊರಿನ ಹೆಸರನ್ನೇ ಕೇಳಿರಲಿಲ್ಲ. ಆದರೂ ಇಡೀ ಪ್ರವಾಸದಲ್ಲಿ ಕೊಟ್ಟ ಹಣ ಸಾರ್ಥಕವೆನಿಸಿದ್ದು ಇಲ್ಲಿಯೇ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ, ಮತ್ತು ಅದರ ಹೆಚ್ಚಿನ ಶ್ರೇಯಸ್ಸು ಕನ್ನಡದಲ್ಲಿಯೇ ಎಲ್ಲವನ್ನೂ ವಿವರಿಸಿದ ಮಾರ್ಗದರ್ಶಕರಿಗೆ ಸಲ್ಲಬೇಕು.

ಹೊರಡುವ ಮುನ್ನ ಹಾಸನದಲ್ಲಿ ಅವರು ನೀಡಿದ ಪರಿಚಯ ಉಪನ್ಯಾಸ ಈ ಸೇವೆಯ ಅತ್ಯುತ್ತಮ ಭಾಗ. ಗೊರೂರಿನ ಸುತ್ತಲಿನ ನೈಸ್ ಎಂಬ ಪಟ್ಟೆಪಟ್ಟೆಯ ಶಿಲೆಗೆ 300 ಕೋಟಿ ವರ್ಷಕ್ಕೂ ಮೀರಿದ ವಯಸ್ಸಾಗಿದೆ ಎಂಬಲ್ಲಿಂದ ಮಾತು ಆರಂಭಿಸಿದ ಅವರು, ನೋರ್ಡ್‌ಲಿಂಗೆನ್ ನಿಂತಿರುವ ನೆಲ ಈಗಿನ ರೂಪ ಪಡೆದದ್ದು ಕೇವಲ ಒಂದೂವರೆ ಕೋಟಿ ವರ್ಷಗಳ ಹಿಂದೆ ಎಂದಾಗ, ಆ ಅಂತರ ನಮ್ಮ ಮನಸ್ಸಿಗೆ ನಾಟಿತು. ಸುಮಾರು ಒಂದು ಕಿಲೋಮೀಟರ್ ಅಗಲದ ಆಕಾಶಕಾಯವೊಂದು ಅಪ್ಪಳಿಸಿ ಅಲ್ಲಿ 24 ಕಿಲೋಮೀಟರಿನಷ್ಟು ವ್ಯಾಸದ ಕುಳಿ ಉಂಟಾಯಿತು. ಅದರಲ್ಲಿ ನೀರು ತುಂಬಿ ಬಹುಕಾಲ ಸರೋವರವಿತ್ತು. ತಳದಲ್ಲಿ ಮಣ್ಣು ಶೇಖರವಾಗುತ್ತಾ ಹೋಗಿ, ಇಂದು ರೀಸ್ ಎಂದು ಕರೆಯುವ ಫಲವತ್ತಾದ ಬಯಲು ರೂಪುಗೊಂಡಿತು. ಇದು ಜ್ವಾಲಾಮುಖಿಯ ಬಾಯಿ ಎಂದೇ ವಿದ್ವಾಂಸರು ದೀರ್ಘಕಾಲ ನಂಬಿದ್ದರು. 1960ರಲ್ಲಿ ಭೂವಿಜ್ಞಾನಿಗಳಾದ ಯೂಜಿನ್ ಶೂಮೇಕರ್ ಮತ್ತು ಎಡ್ವರ್ಡ್ ಚಾವೊ ಇಲ್ಲಿನ ಕಲ್ಲಿನಲ್ಲಿ ಕೋಯಸೈಟನ್ನು, ಅಂದರೆ ಜ್ವಾಲಾಮುಖಿಯಿಂದ ಉಂಟಾಗದಷ್ಟು ಅಪಾರ ಒತ್ತಡಕ್ಕೆ ಸಿಕ್ಕಿ ರೂಪ ಬದಲಿಸಿದ ಸಿಲಿಕಾವನ್ನು, ಗುರುತಿಸಿದ ಮೇಲೆ ಆ ನಂಬಿಕೆ ಬಿದ್ದುಹೋಯಿತು.

ಅದೇ ಆಘಾತದಿಂದ ಹುಟ್ಟಿದ ಸುವೈಟ್ ಎಂಬ ಕಲ್ಲಿನಿಂದಲೇ ಊರಿನವರು 1427ರಿಂದ 1505ರವರೆಗೆ ಸೇಂಟ್ ಜಾರ್ಜ್ ಚರ್ಚನ್ನು ಕಟ್ಟಿದರು. ಅದರ 90 ಮೀಟರ್ ಎತ್ತರದ ಗೋಪುರವನ್ನು ಡೇನಿಯಲ್ ಎಂದು ಕರೆಯುತ್ತಾರೆ. ಹಳೇಬೀಡಿನ ಬಳಪದ ಕಲ್ಲನ್ನು ಮುಟ್ಟಿ ಬೆಳೆದ ನಮಗೆ, ಕಟ್ಟಡವನ್ನು ಅದರ ಕಲ್ಲಿನಿಂದ ಅರಿಯುವ ಈ ಕ್ರಮ ಬಹಳ ಆಪ್ತವಾಯಿತು. ಸುವೈಟ್ ಮಳೆ ಗಾಳಿಗೆ ಬೇಗ ಸವೆಯುವುದರಿಂದ ದುರಸ್ತಿ ಮತ್ತೆ ಮತ್ತೆ ಬೇಕಾಗುತ್ತದೆ ಎಂಬುದನ್ನು ಮಾರ್ಗದರ್ಶಕರು ಗೋಡೆಯ ಪಕ್ಕದಲ್ಲಿಯೇ ನಿಲ್ಲಿಸಿ ತೋರಿಸಿದರು.

ರೀಸ್ ಕುಳಿ ವಸ್ತುಸಂಗ್ರಹಾಲಯದಲ್ಲಿ ಅಮೆರಿಕದ ಚಂದ್ರಯಾನವಾದ ಅಪೋಲೊ 16 ತಂದ ಚಂದ್ರಶಿಲೆಯನ್ನು ನೋಡಬಹುದು. 1970ರಲ್ಲಿ ಅಪೋಲೊ 14ರ ಗಗನಯಾತ್ರಿಗಳು ಕಲ್ಲು ಗುರುತಿಸುವುದನ್ನು ಅಭ್ಯಾಸ ಮಾಡಲು ಈ ಬಯಲಿಗೇ ಬಂದಿದ್ದರು.

ಇತಿಹಾಸದ ಭಾಗವನ್ನು ಮಾತ್ರ ಅವಸರದಲ್ಲಿ ಮುಗಿಸಿದರು. 1215ರಲ್ಲಿ ಚಕ್ರವರ್ತಿಗೆ ನೇರವಾಗಿ ಅಧೀನವಾದ ನಗರವಾಗಿ, ವ್ಯಾಪಾರದ ಜಾತ್ರೆಯಿಂದ ಶ್ರೀಮಂತವಾಗಿ, 1634ರಲ್ಲಿ ಯೂರೋಪಿನ ಮೂವತ್ತು ವರ್ಷಗಳ ಯುದ್ಧದ ಭೀಕರ ಕದನವೊಂದನ್ನು ಹೊರವಲಯದಲ್ಲಿಯೇ ಕಂಡು, 1803ರಲ್ಲಿ ಬವೇರಿಯಾಕ್ಕೆ ಸೇರಿದ ಊರಿಗೆ ಇನ್ನಷ್ಟು ಮಾತು ಸಲ್ಲಬೇಕಿತ್ತು. 1327ರಲ್ಲಿ ಆರಂಭವಾದ ಹೊರಕೋಟೆ ಇಂದಿಗೂ ಪೂರ್ತಿಯಾಗಿ ಉಳಿದಿದ್ದು, ಅದರ ಮೇಲಿನ 2.7 ಕಿಲೋಮೀಟರ್ ಉದ್ದದ, ಮಾಡು ಹೊದಿಸಿದ ದಾರಿಯಲ್ಲಿ ಊರನ್ನು ಒಂದು ಸುತ್ತು ಬರಬಹುದು. ಅದಕ್ಕಿಂತ ಹಳೆಯ ಒಳಗೋಡೆಯ ಜಾಡು ಈಗ ವೃತ್ತಾಕಾರದ ಬೀದಿಯಾಗಿದೆ. ಸಕಲೇಶಪುರದ ಮಂಜರಾಬಾದ್ ಕೋಟೆಯ ನಕ್ಷತ್ರಾಕಾರ ಎತ್ತರದಿಂದ ನೋಡಿದಾಗಲೇ ಸ್ಪಷ್ಟವಾಗುವಂತೆ, ಈ ಊರಿನ ದುಂಡಗಿನ ವಿನ್ಯಾಸವೂ ಮೇಲಿನಿಂದಲೇ ಅರ್ಥವಾಗುವಂಥದ್ದು.

ನನ್ನ ಮುಖ್ಯ ಆಕ್ಷೇಪವೂ ಇದಕ್ಕೇ ಸಂಬಂಧಿಸಿದೆ. ಸಂಸ್ಥೆಯವರು ಮೊದಲು ಸಂಗ್ರಹಾಲಯ, ಆಮೇಲೆ ಕೋಟೆ, ಕೊನೆಗೆ ಗೋಪುರ ಎಂದು ಕ್ರಮ ಹಾಕಿಕೊಂಡಿದ್ದರಿಂದ, ದಣಿದಿದ್ದ ಹಿರಿಯರು 350 ಮೆಟ್ಟಿಲುಗಳನ್ನು ಕಂಡು ಕೆಳಗೇ ಕುಳಿತರು. ಗೋಪುರದ ತುದಿಯಿಂದ ಕೆಂಪು ಹೆಂಚಿನ ಮಾಡುಗಳು, ಅವುಗಳಾಚೆ ಸಮತಟ್ಟಾದ ಹೊಲಗಳು, ದೂರದಲ್ಲಿ ಸುತ್ತುವರಿದ ಕಾಡಿನ ದಿಣ್ಣೆಗಳು ಒಂದೇ ನೋಟಕ್ಕೆ ಸಿಗುತ್ತವೆ. ಆ ದಿಣ್ಣೆಗಳೇ ಕುಳಿಯ ಅಂಚು. ಅದನ್ನು ಕಾಣದವರಿಗೆ ಸಂಗ್ರಹಾಲಯದ ನಕ್ಷೆಗಳು ಬರೀ ನಕ್ಷೆಗಳಾಗಿ ಉಳಿದವು.

ಊಟ, ಬಸ್ಸು, ವಸತಿ ಎಲ್ಲವೂ ಅಚ್ಚುಕಟ್ಟಾಗಿದ್ದವು. ಕಾಲಿನಲ್ಲಿ ಶಕ್ತಿಯಿರುವವರು ಬೆಳಿಗ್ಗೆಯೇ ಗೋಪುರ ಹತ್ತಲು ಮಾರ್ಗದರ್ಶಕರ ಅನುಮತಿ ಕೇಳಿಕೊಳ್ಳುವುದು ಒಳ್ಳೆಯದು. ಸಂಸ್ಥೆಯವರು ಅರ್ಧ ದಿನವನ್ನು ಪೂರ್ಣ ದಿನವಾಗಿಸಿದರೆ, ಅದಕ್ಕೆ ತಗಲುವ ಹೆಚ್ಚುವರಿ ಹಣವನ್ನು ನಾನು ಸಂತೋಷದಿಂದ ಕೊಡುತ್ತೇನೆ.