ಕೂಡದ ಮೂಳೆಗೆ ಅಲ್ಟ್ರಾಸೌಂಡ್ ಯಂತ್ರ: ಐದು ತಿಂಗಳ ಬಳಕೆಯ ನಂತರ

ಸ್ಕೂಟರ್ ಜಾರಿ ಮುರಿದ ನನ್ನ ಬಲಗಾಲಿಗೆ, ಮಂಡಿಯ ಕೆಳಗಿನ ದಪ್ಪ ಮೂಳೆಯೊಳಗೆ ರಾಡ್ ಹಾಕಿ ಹತ್ತು ತಿಂಗಳಾದರೂ ಎಕ್ಸ್‌ರೇಯಲ್ಲಿ ಮುರಿದ ಗೆರೆ ಹಾಗೆಯೇ ಉಳಿದಿತ್ತು. ರಾಡ್ ಸಡಿಲವಾಗಿಲ್ಲ, ಸೋಂಕಿಲ್ಲ, ಮೂಳೆಯ ತುದಿಗಳ ನಡುವಿನ ಸಂದೂ ಚಿಕ್ಕದು ಎಂಬುದನ್ನು ಖಚಿತಪಡಿಸಿಕೊಂಡ ವೈದ್ಯರು, ಸೊಂಟದಿಂದ ಮೂಳೆ ತೆಗೆದು ತುಂಬುವ ಶಸ್ತ್ರಚಿಕಿತ್ಸೆಗೆ ಮೊದಲು, ಮುರಿದ ಜಾಗಕ್ಕೆ ಶಬ್ದದ ಅಲೆ ಹಾಯಿಸಿ ಮೂಳೆ ಕೂಡಿಸಲು ಬಳಸುವ ಈ ಅಲ್ಟ್ರಾಸೌಂಡ್ ಯಂತ್ರವನ್ನು ಪ್ರಯತ್ನಿಸಬಹುದೆಂದರು.

ದಿನಕ್ಕೊಮ್ಮೆ 20 ನಿಮಿಷ, ಅಷ್ಟೇ. ಪ್ರತಿ ಚದರ ಸೆಂಟಿಮೀಟರಿಗೆ 30 ಮಿಲಿವ್ಯಾಟ್‌ನಷ್ಟು ಮೆಲ್ಲನೆಯ ಅಲೆಯಾದ್ದರಿಂದ ಬಿಸಿಯೂ ಇಲ್ಲ, ನೋವೂ ಇಲ್ಲ. ಚರ್ಮಕ್ಕೆ ತಾಗುವುದು ಜೆಲ್‌ನ ತಂಪು ಮಾತ್ರ. ಎಚ್ಚರ ಬೇಕಾದದ್ದು ಜಾಗದ ವಿಷಯದಲ್ಲಿ. ಎಕ್ಸ್‌ರೇ ನೋಡಿ ವೈದ್ಯರು ಮಾರ್ಕರ್‌ನಿಂದ ಬರೆದುಕೊಟ್ಟ ವೃತ್ತ ಸ್ನಾನಕ್ಕೆ ಮಾಸುತ್ತಿತ್ತು, ಪ್ರತಿ ರಾತ್ರಿ ಅದರ ಮೇಲೆಯೇ ಮತ್ತೆ ತಿದ್ದಿ, ಜೆಲ್ ಹಚ್ಚಿ ಪಟ್ಟಿ ಬಿಗಿಯುತ್ತಿದ್ದೆ. ಮೂರನೆಯ ತಿಂಗಳಲ್ಲಿ ಪಟ್ಟಿಯ ಅಂಟು ಸಡಿಲಗೊಂಡು ಯಂತ್ರ ಜಾರತೊಡಗಿತು. ಇಷ್ಟು ದುಬಾರಿ ವಸ್ತುವಿಗೆ ಇನ್ನೂ ಗಟ್ಟಿಯಾದ ಪಟ್ಟಿ ಕೊಡಬೇಕಿತ್ತು.

ಕೊಳ್ಳುವ ಮುನ್ನ ಒಂದು ಮಾತು ತಿಳಿದಿರಲಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದಕ್ಕೆ ಹೊಸ ಮುರಿತಗಳಿಗಾಗಿ 1994ರಲ್ಲಿ, ಕೂಡದ ಮೂಳೆಗಾಗಿ 2000ದಲ್ಲಿ ಅನುಮತಿ ನೀಡಿತು. ಆದರೆ ನನ್ನಂತೆಯೇ ಕಾಲಿಗೆ ರಾಡ್ ಹಾಕಿಸಿಕೊಂಡಿದ್ದ, ಹೊಸ ಮುರಿತದ 501 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ನಿಜವಾದ ಯಂತ್ರ ಬಳಸಿದವರಿಗೂ ಅಲೆಯಿಲ್ಲದ ನಕಲಿ ಯಂತ್ರ ಬಳಸಿದವರಿಗೂ ಮೂಳೆ ಕೂಡುವುದರಲ್ಲಾಗಲಿ ಓಡಾಟದಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಹೊಸದಾಗಿ ಮುರಿದ ಮೂಳೆಗೆ ಈ ಹಣ ಖರ್ಚು ಮಾಡಬೇಡಿರೆಂದು ಆದ್ದರಿಂದಲೇ ನಾನು ಕಳಕಳಿಯಿಂದ ಹೇಳುತ್ತೇನೆ. ಒಂಬತ್ತು ತಿಂಗಳಾದರೂ ಕೂಡದ ಉದ್ದ ಮೂಳೆಗಳ ವಿಷಯದಲ್ಲಿ ಚಿಕಿತ್ಸೆಗಳನ್ನು ಪರಿಶೀಲಿಸಿ ಶಿಫಾರಸು ಮಾಡುವ ಬ್ರಿಟನ್ನಿನ ನೈಸ್ ಸಂಸ್ಥೆ 2013ರಲ್ಲಿ ಇಂಥದೊಂದು ಯಂತ್ರವನ್ನು ಬೆಂಬಲಿಸಿತ್ತು. ಆದರೆ ಅಂಥ ರೋಗಿಗಳ ಅಧ್ಯಯನಗಳಲ್ಲಿ ಹೆಚ್ಚಿನವುಗಳಲ್ಲಿ ಹೋಲಿಕೆಯ ಗುಂಪೇ ಇರಲಿಲ್ಲ.

ಎರಡು ಕೋನಗಳಿಂದ ತೆಗೆದ ಎಕ್ಸ್‌ರೇಗಳಲ್ಲಿ ಕಾಣುವ ನಾಲ್ಕು ಅಂಚುಗಳ ಪೈಕಿ ಮೂರು ಬೆಸೆದರೆ ಮೂಳೆ ಕೂಡಿತೆಂದು ಲೆಕ್ಕ. ಎರಡನೆಯ ತಿಂಗಳಲ್ಲಿ ಒಂದೂ ಬೆಸೆದಿರಲಿಲ್ಲ. ಐದನೆಯ ತಿಂಗಳಲ್ಲಿ ಮೂರು ಅಂಚುಗಳಲ್ಲಿ ಬಿಳಿಯ ಸೇತುವೆ ಮೂಡಿತ್ತು, ಹಿಂಬದಿಯದು ಇನ್ನೂ ಮಸುಕು. ಅದೇ ಅವಧಿಯಲ್ಲಿ ಕಾಲಿನ ಮೇಲೆ ಪೂರ್ತಿ ಭಾರ ಹಾಕಿ ನಡೆಯತೊಡಗಿದ್ದರಿಂದ, ಯಂತ್ರದ ಪಾಲೆಷ್ಟೆಂದು ನಾನು ಹೇಳಲಾರೆ. ಶಸ್ತ್ರಚಿಕಿತ್ಸೆಯಂತೂ ತಪ್ಪಿತು, ವೈದ್ಯರು ಇನ್ನೂ ಒಂದು ತಿಂಗಳು ಮುಂದುವರಿಸಲು ಹೇಳಿದ್ದಾರೆ, ಮುಂದುವರಿಸುತ್ತಿದ್ದೇನೆ.